ಬೆಲೆನಾ ತಿಂದೆಯೇನೇ?

ರಷ್ಯಾದಲ್ಲಿ ಯಾರಾದರೂ ತಲೆಬುಡವಿಲ್ಲದೆ ಮಾತಾಡಿದರೆ 'ಏನು, ಬೆಲೆನಾ ತಿಂದಿದ್ದೀಯಾ?' ಎಂದು ಕೇಳುವುದುಂಟು. 1833ರಲ್ಲಿ ರಷ್ಯಾದ ಕವಿ ಪುಷ್ಕಿನ್ ಬರೆದ ಬೆಸ್ತ ಮತ್ತು ಮೀನಿನ ಕಥೆಯಲ್ಲೂ ಈ ಪ್ರಶ್ನೆ ಇದೆ. ಮೀನಿನ ದಯೆಯಿಂದ ಹೊಸ ಮನೆ, ಸಿರಿತನ ಎಲ್ಲ ಸಿಕ್ಕ ಮೇಲೂ ಮುದುಕ ಬೆಸ್ತನ ಹೆಂಡತಿಗೆ ಸಮಾಧಾನವಿಲ್ಲ. ಈಗ ಮಹಾರಾಣಿಯೇ ಆಗಬೇಕು! ಮುದುಕ ಹೆದರಿ 'ಬೆಲೆನಾ ತಿಂದೆಯೇನೇ?' ಅನ್ನುತ್ತಾನೆ. ಕೆನ್ನೆಗೆ ಏಟು ಬೀಳುತ್ತದೆ. ಹೆಂಡತಿಯನ್ನು ಕೇಳುವ ಪ್ರಶ್ನೆಯೇ ಅದು?

ಬೆಲೆನಾ ಒಂದು ವಿಷದ ಗಿಡ. ನಮ್ಮ ಹಳೇ ಔಷಧಿಗಳಲ್ಲಿ ಖುರಾಸಾನಿ ಓಮ ಅನ್ನುತ್ತಾರಲ್ಲ, ಅದೇ. ಹೆಸರು ಬಿಟ್ಟರೆ ಅಡುಗೆಮನೆಯ ಓಮಕ್ಕೂ ಇದಕ್ಕೂ ನಂಟಿಲ್ಲ. ಪಾಳುಜಾಗದಲ್ಲಿ, ರಸ್ತೆ ಬದಿಯಲ್ಲಿ ಬೆಳೆಯುತ್ತದೆ. ಅಂಟಂಟು ಎಲೆ, ಕೆಟ್ಟ ವಾಸನೆ, ಮಾಸಲು ಹಳದಿ ಹೂವಿನ ತುಂಬ ನೇರಳೆ ಗೆರೆ. ತಿಂದರೆ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಎದುರಿಗೆ ಇಲ್ಲದವರ ಜೊತೆ ಮಾತುಕತೆ ಶುರುವಾಗುತ್ತದೆ. ಜಾಸ್ತಿಯಾದರೆ ಪ್ರಾಣವೇ ಹೋಗಬಹುದು.

ಈ ಹೆಸರು ಎಲ್ಲಿಂದ ಬಂತು? ರಷ್ಯನ್‌ನಲ್ಲಿ 'ಬೆಲಿ' ಅಂದರೆ ಬಿಳಿ. ಅಲ್ಲಿಂದಲೇ ಬಂತು ಅನ್ನುವವರಿದ್ದಾರೆ. ನನಗೇನೋ ಒಪ್ಪಿಗೆಯಿಲ್ಲ. ಗಿಡದಲ್ಲಿ ಬಿಳಿ ಅನ್ನುವಂಥದ್ದು ಏನಿದೆ? ಅದೂ ಅಲ್ಲದೆ ಈ ಮಾತು ರಷ್ಯನ್ನರು, ಚೆಕ್ಕರು, ಪೋಲೆಂಡಿನವರಂಥ ಸ್ಲಾವ್ ಜನರದ್ದು ಮಾತ್ರವಲ್ಲ. ಜರ್ಮನ್ನರು ಇದೇ ಗಿಡಕ್ಕೆ ಬಿಲ್ಸೆನ್‌ಕ್ರೌಟ್ ಅನ್ನುತ್ತಾರೆ. ಹಳೇ ಇಂಗ್ಲಿಷಿನಲ್ಲಿ ಬೆಯೊಲೊನೆ, ಹಿಂದೆ ಫ್ರಾನ್ಸ್ ಕಡೆ ಇದ್ದ ಗಾಲ್ ಜನರ ಬಾಯಲ್ಲಿ ಬೆಲೆನುಂಟಿಯಾ. ಗಾಲ್‌ಗಳಿಗೆ ಬೆಲೆನಸ್ ಎಂಬ ದೇವರೂ ಇದ್ದ, ಹಾಗಾಗಿ ಕೆಲವರು ಗಿಡವನ್ನು ಅವನಿಗೇ ಗಂಟು ಹಾಕುತ್ತಾರೆ. ಕಥೆ ಚೆನ್ನಾಗಿದೆ, ಅಷ್ಟೇ. ಇಷ್ಟು ಮಂದಿಯ ಬಾಯಲ್ಲಿ ಓಡಾಡಿದ ಹೆಸರನ್ನು ಒಂದು ಬಣ್ಣಕ್ಕೋ ಒಬ್ಬ ದೇವರಿಗೋ ಬರೆದುಕೊಡುವುದು ಕಷ್ಟ.

ಸ್ಲಾವ್ ಭಾಷೆಗಳು ಬೇರೆಬೇರೆಯಾದ ಮೇಲೆ ಈ ಮಾತು ಹಿಡಿದ ದಾರಿಗಳೇ ನನಗೆ ಜಾಸ್ತಿ ಇಷ್ಟ. ಚೆಕ್ಕರಲ್ಲಿ ಅದು 'ಬ್ಲೀನ್' ಆಗಿ ಅದೇ ಗಿಡದ ಮೇಲೆ ಉಳಿಯಿತು. ಪೋಲೆಂಡಿನಲ್ಲಿ 'ಬ್ಯೆಲೂನ್' ಆಗಿ ದತ್ತೂರಿಯ ಹೆಸರಾಯಿತು. ಅವರದ್ದು ತೀರಾ ತಪ್ಪೇನಲ್ಲ. ಎರಡೂ ಬದನೆಯ ಕುಟುಂಬದವು, ಎರಡರ ವಿಷವೂ ಒಂದೇ ಬಗೆಯದು. ನಾವೂ ದತ್ತೂರಿಯನ್ನು ಉಮ್ಮತ್ತ ಅನ್ನುತ್ತೇವೆ, ಅಂದರೆ ಉನ್ಮತ್ತ. ಬಲ್ಗೇರಿಯಾದವರು ಗಿಡವನ್ನೂ ಬಿಡಲಿಲ್ಲ, ಅಷ್ಟಕ್ಕೇ ನಿಲ್ಲಲೂ ಇಲ್ಲ. ಅಲ್ಲಿ 'ಬ್ಲ್ಯಾನ್' ಅಂದರೆ ಈ ಗಿಡವೂ ಹೌದು, ಹಗಲುಗನಸೂ ಹೌದು. ಮುದುಕ ಬಲ್ಗೇರಿಯಾದವನಾಗಿದ್ದರೆ ಸುಮ್ನೆ 'ಕನಸು ಕಾಣ್ತಿದ್ದೀಯೇನೇ' ಅಂತ ಕೇಳಿ, ಪ್ರಾಯಶಃ ಏಟು ತಪ್ಪಿಸಿಕೊಳ್ಳುತ್ತಿದ್ದ.