ನಕ್ಷತ್ರ ಕೂಡಿಬರುವವರೆಗೆ

ಅಂತರಿಕ್ಷ ವಿಜ್ಞಾನದ ಪ್ರಬಂಧಗಳಲ್ಲಿ ‘ನಮ್ಮ ಊಹೆ ಸರಿಯಾಗಿತ್ತು’ ಎನ್ನುವವು ನೂರಕ್ಕೆ ಸುಮಾರು 70. ಮನೋವಿಜ್ಞಾನ ಮತ್ತು ಮನೋವೈದ್ಯಶಾಸ್ತ್ರದಲ್ಲಿ 91ಕ್ಕೂ ಹೆಚ್ಚು. ಡ್ಯಾನಿಯೆಲೆ ಫನೆಲ್ಲಿ 2010ರಲ್ಲಿ ಹಲವು ಶಾಸ್ತ್ರಗಳ ಪ್ರಬಂಧಗಳನ್ನು ಎಣಿಸಿ ಕೊಟ್ಟ ಲೆಕ್ಕ ಇದು. ಅಂದರೆ ಗುರುತ್ವಕ್ಕೆ ಕಟ್ಟುಬಿದ್ದು ಸುತ್ತುವ ಗ್ರಹಗಳಿಗಿಂತ, ಕ್ರೆಡಿಟ್ ಆಸೆಗೆ ಬಂದು ಕೂತ ಮೊದಲ ವರ್ಷದ ವಿದ್ಯಾರ್ಥಿಗಳೇ ಹೇಳಿದ ಮಾತು ಕೇಳುತ್ತಾರೆ ಎಂದಾಯಿತು.

ಇದು ಹೊಸ ಸಾಧನೆಯೇನಲ್ಲ. 1959ರಲ್ಲಿ ಥಿಯೊಡೋರ್ ಸ್ಟರ್ಲಿಂಗ್ ನಾಲ್ಕು ಮನೋವಿಜ್ಞಾನ ಪತ್ರಿಕೆಗಳನ್ನು ತಿರುವಿ ಹಾಕಿದಾಗ, ಅಂಕಿಅಂಶ ಪರೀಕ್ಷೆ ಬಳಸಿದ ಪ್ರಬಂಧಗಳಲ್ಲಿ 97%ರಷ್ಟು ಗೆದ್ದಿದ್ದವು. 1962ರಲ್ಲಿ ಜೇಕಬ್ ಕೊಹೆನ್ ಅಂಥದ್ದೇ ಒಂದು ಪತ್ರಿಕೆಯನ್ನು ಇನ್ನೊಂದು ಬದಿಯಿಂದ ನೋಡಿದರು. ಮಧ್ಯಮ ಗಾತ್ರದ ಪರಿಣಾಮ ನಿಜವಾಗಿಯೂ ಇದ್ದರೆ, ಅದು ಆ ಅಧ್ಯಯನಗಳ ಕಣ್ಣಿಗೆ ಬೀಳುವ ಸಂಭವ ಸರಾಸರಿ ಅರ್ಧಕ್ಕಿಂತ ತುಸು ಕಡಿಮೆ ಎಂದು ಕಂಡಿತು. ಅರ್ಧ ಕುರುಡು, ಪೂರ್ತಿ ಗೆಲುವು. ಜ್ಯೋತಿಷಿಗಳಿಗೂ ಈ ಸರಾಸರಿ ಇಲ್ಲ.

ಈ ಪವಾಡದ ಕೂಲಿಯಾಳುಗಳು ಸ್ನಾತಕೋತ್ತರ ಮತ್ತು ಪಿಎಚ್‌ಡಿ ವಿದ್ಯಾರ್ಥಿಗಳು. ಮೊದಲ ಸೆಮಿಸ್ಟರಿನಲ್ಲಿ ಅವರಿಗೆ ದೃಢೀಕರಣ ಪಕ್ಷಪಾತದ ಪಾಠವಾಗುತ್ತದೆ: ಮನುಷ್ಯ ತಾನು ನಂಬಿದ್ದಕ್ಕಷ್ಟೇ ಪುರಾವೆ ಹುಡುಕುತ್ತಾನೆ, ಉಳಿದದ್ದು ಕಣ್ಣೆದುರೇ ಇದ್ದರೂ ಕಾಣಿಸದು. ಅದರ ಮೇಲೆ ಟಿಪ್ಪಣಿ ಬರೆದು ಒಳ್ಳೆಯ ಅಂಕ ಗಳಿಸುತ್ತಾರೆ. ಮೂರನೆಯ ಸೆಮಿಸ್ಟರಿನಲ್ಲಿ ಗೈಡ್ ಒಳಗೆ ಕರೆದು, “ನಮ್ಮ ಹೈಪಾಥಿಸಿಸ್ ಬರಲೇಬೇಕಲ್ಲಮ್ಮ, ಡೇಟಾನ ಇನ್ನೊಂದು ಸಲ ನೋಡು” ಎನ್ನುತ್ತಾರೆ. ಆ ಪಾಠದ ಪರೀಕ್ಷೆ ಆಗಲೇ ಮುಗಿದಿರುವುದರಿಂದ ಯಾರಿಗೂ ಅದು ನೆನಪಾಗುವುದಿಲ್ಲ.

ಮೊದಲ ಕೆಲಸ, ಸ್ಯಾಂಪಲ್ ಎಷ್ಟು ಎಂದು ಗೊತ್ತುಮಾಡುವುದು. ಇದಕ್ಕೆ ಜಿ-ಪವರ್ ಎಂಬ ಉಚಿತ ತಂತ್ರಾಂಶವಿದೆ. ಎರಡು ಗುಂಪುಗಳ ಸರಾಸರಿ ಹೋಲಿಸಬೇಕು, ಪರಿಣಾಮದ ಗಾತ್ರ 0.5, ಆಲ್ಫಾ (ಇಲ್ಲದ್ದನ್ನು ಇದೆ ಎನ್ನುವ ಸಂಭವ) 0.05, ಪವರ್ (ಇರುವುದು ಕಣ್ಣಿಗೆ ಬೀಳುವ ಸಂಭವ) 0.80 ಎಂದು ತುಂಬಿದರೆ ಅದು ಗುಂಪಿಗೆ 64 ಜನ ಬೇಕೆನ್ನುತ್ತದೆ. ಗಾತ್ರ 0.2 ಎಂದರೆ ಗುಂಪಿಗೆ 394. ವಿದ್ಯಾರ್ಥಿಗೆ ಸಿಕ್ಕುವುದು ಗುಂಪಿಗೆ 30. ಯಾವುದೋ ಪಠ್ಯಪುಸ್ತಕದಲ್ಲಿ 30 ಎಂಬ ಸಂಖ್ಯೆ ದಪ್ಪಕ್ಷರದಲ್ಲಿತ್ತು, ಅಷ್ಟೇ ಅದರ ಮಹಿಮೆ. ಆದ್ದರಿಂದ ಲೆಕ್ಕವನ್ನು ಕೊನೆಯಿಂದ ಮಾಡುತ್ತಾರೆ. 30 ಎಂದು ಹಾಕಿ, ಪವರ್ 0.80 ಬರುವಂತೆ ಪರಿಣಾಮದ ಗಾತ್ರವನ್ನು ಉಬ್ಬಿಸುತ್ತಾ ಹೋದರೆ 0.74ರ ಹತ್ತಿರ ಯಂತ್ರ ಒಪ್ಪಿಕೊಳ್ಳುತ್ತದೆ. ‘ಹಿಂದಿನ ಅಧ್ಯಯನಗಳ ಆಧಾರದ ಮೇಲೆ’ ಎಂದು ಸೇರಿಸಿದರೆ ಆ ವಿಭಾಗ ಮುಗಿಯಿತು. ಗಂಡಸರು ಹೆಂಗಸರಿಗಿಂತ ಹೆಚ್ಚು ತೂಗುತ್ತಾರೆ ಎಂಬುದನ್ನು ಇದೇ 0.80 ಪವರ್‌ನಲ್ಲಿ ತೋರಿಸಲು ಗುಂಪಿಗೆ 46 ಜನ ಬೇಕೆಂದು ಸಿಮನ್ಸ್, ನೆಲ್ಸನ್, ಸಿಮನ್‌ಸನ್ ಎಂಬ ಮೂವರು ಲೆಕ್ಕ ಹಾಕಿದ್ದಾರೆ. ಕಣ್ಣಿಗೆ ರಾಚುವ ಆ ವಿಷಯಕ್ಕೇ 46. ಗೋಡೆಯ ಬಣ್ಣ ನೈತಿಕ ನಿರ್ಣಯವನ್ನು ಹೇಗೆ ಓಲಾಡಿಸುತ್ತದೆ ಎಂಬ ಸೂಕ್ಷ್ಮಕ್ಕೆ ಮಾತ್ರ 30 ಸಾಕೋ ಸಾಕು.

ಈ 30 ಜನ ಯಾರು? ಜೆಫ್ರಿ ಆರ್ನೆಟ್ 2008ರಲ್ಲಿ ಅಮೆರಿಕದ ಆರು ಪ್ರಮುಖ ಪತ್ರಿಕೆಗಳನ್ನು ಪರಿಶೀಲಿಸಿ, ಭಾಗವಹಿಸಿದವರಲ್ಲಿ 96% ಜನ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು ಎಂದು ತೋರಿಸಿದರು. ಅವರಲ್ಲಿ ಒಂದು ದೊಡ್ಡ ಪಾಲು ಮನೋವಿಜ್ಞಾನ ತರಗತಿಯ ಮಕ್ಕಳೇ. ‘ಮಾನವ ಸ್ವಭಾವ’ ಎಂದು ಪುಸ್ತಕಗಳಲ್ಲಿ ಬರುವ ಪ್ರಾಣಿಗೆ ಹೆಚ್ಚುಕಡಿಮೆ ಹತ್ತೊಂಬತ್ತು ವರ್ಷ, ನಿದ್ದೆ ಸಾಲದು, ಸೆಮಿಸ್ಟರ್ ಮುಗಿಯುವುದರೊಳಗೆ ಇನ್ನೆರಡು ಕ್ರೆಡಿಟ್ ಬೇಕು. ಜೊತೆಗೆ ವಿಪರೀತ ವಿಧೇಯ. 1962ರ ಬರಹವೊಂದರಲ್ಲಿ ಮಾರ್ಟಿನ್ ಓರ್ನ್ ಹೇಳಿದ ಪ್ರಯೋಗದಲ್ಲಿ ಜನರ ಮುಂದೆ 2000 ಹಾಳೆ ಇಟ್ಟು, ಹಾಳೆಗೆ 224 ಕೂಡುವ ಲೆಕ್ಕ ಕೊಟ್ಟರು. ಐದೂವರೆ ಗಂಟೆಯ ನಂತರ ಸೋತು ಕೈಚೆಲ್ಲಿದ್ದು ಪ್ರಯೋಗ ಮಾಡುತ್ತಿದ್ದವರು. ಆಮೇಲೆ ಲೆಕ್ಕ ಮಾಡಿದ ಪ್ರತಿ ಹಾಳೆಯನ್ನೂ 32 ಚೂರು ಮಾಡಿ ಬಿಸಾಕಿ ಎಂದರೂ ಜನ ಹಾಗೇ ಮಾಡುತ್ತ ಕೂತರು. ಇಂಥವರ ಕೈಗೆ ‘ಕೃತಜ್ಞತೆಯಿಂದ ಸಂತೋಷ ಹೆಚ್ಚುತ್ತದೆಯೇ?’ ಎಂಬ ಶೀರ್ಷಿಕೆಯ ಪ್ರಶ್ನಾವಳಿ ಕೊಟ್ಟರೆ ಅದರಿಂದ ಸಂತೋಷ ಹೆಚ್ಚದೇ ಇನ್ನೇನು?

ಪ್ರಶ್ನಾವಳಿಯೇ ಈ ಶಾಸ್ತ್ರದ ಅಕ್ಷಯಪಾತ್ರೆ. ಸಾಮಾಜಿಕ ಮನೋವಿಜ್ಞಾನ, ವ್ಯಕ್ತಿತ್ವ, ಸಂಸ್ಥಾ ಮನೋವಿಜ್ಞಾನ, ಶೈಕ್ಷಣಿಕ ಮನೋವಿಜ್ಞಾನ ಎಲ್ಲವೂ ಇದರಿಂದಲೇ ಉಣ್ಣುತ್ತವೆ. ಐದು ಸ್ಕೇಲ್ ಆರಿಸಿ, ಗೂಗಲ್ ಫಾರ್ಮಿಗೆ ಹಾಕಿ, ವಾಟ್ಸ್ಯಾಪ್ ಗುಂಪಿಗೆ ತಳ್ಳಿ. ‘ದಯವಿಟ್ಟು ಐದೇ ನಿಮಿಷ’ ಎಂದು ಬರೆದಿರಿ, ಪ್ರಶ್ನೆಗಳು 120. ನಲವತ್ತನೆಯ ಪ್ರಶ್ನೆ ದಾಟುತ್ತಲೇ ಹೆಬ್ಬೆರಳು ಒಂದೇ ಸಾಲಿನಲ್ಲಿ ಇಳಿಯತೊಡಗುತ್ತದೆ: 4, 4, 4, 4. ಇದನ್ನು ಹಿಡಿಯಲೆಂದೇ ಸ್ಕೇಲ್ ಮಾಡಿದವರು ಉಲ್ಟಾ ಪ್ರಶ್ನೆಗಳನ್ನು ಸೇರಿಸಿರುತ್ತಾರೆ. 1965ರ ರೋಸೆನ್‌ಬರ್ಗ್ ಸ್ವಾಭಿಮಾನ ಸ್ಕೇಲಿನ ಹತ್ತರಲ್ಲಿ ಐದು ಅಂಥವು. ‘ನಾನು ಯೋಗ್ಯ’ ಎಂಬುದಕ್ಕೂ ‘ನಾನು ಯಾವ ಕೆಲಸಕ್ಕೂ ಬಾರದವ’ ಎಂಬುದಕ್ಕೂ ಒಂದೇ ಉತ್ತರ ಬಂದಿದ್ದರೆ, ಆ ಮನುಷ್ಯ ಓದಿಲ್ಲ ಎಂದರ್ಥ.

ವಿದ್ಯಾರ್ಥಿಯೂ ಓದಿಲ್ಲದಿದ್ದರೆ ಇಲ್ಲೊಂದು ಸೊಗಸಾದ ತಿರುವು. ಆ ಐದು ಉತ್ತರಗಳನ್ನು ತಿರುಗಿಸಿ ಅಂಕ ಕೊಡದೆ ಹಾಗೇ ಕೂಡಿಸಿದರೆ ಕ್ರಾನ್‌ಬಾಕ್ ಆಲ್ಫಾ, ಅಂದರೆ ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ, ಪಾತಾಳಕ್ಕೆ ಇಳಿಯುತ್ತದೆ, ಕೆಲವೊಮ್ಮೆ ಸೊನ್ನೆಗಿಂತಲೂ ಕೆಳಕ್ಕೆ. ಹಾಗಾದಾಗ ಐಟಂ (ಪ್ರಶ್ನೆ) ಕೋಡಿಂಗ್ ನೋಡಿಕೊಳ್ಳಿ ಎಂದು ಲೆಕ್ಕದ ತಂತ್ರಾಂಶ ಎಸ್‌ಪಿಎಸ್‌ಎಸ್ ಟೇಬಲ್ಲಿನ ಕೆಳಗೇ ಹೇಳುತ್ತದೆ. ಅದರ ಬದಲು ‘ಈ ಐಟಂ ತೆಗೆದರೆ ಆಲ್ಫಾ ಎಷ್ಟು’ ಎಂಬ ಕಾಲಂ ನೋಡಿ, ತೊಂದರೆ ಕೊಡುವ ಐದನ್ನೂ ಕಿತ್ತೆಸೆದು, 0.70 ದಾಟಿತೆಂದು ನಿಟ್ಟುಸಿರು ಬಿಡುವುದು ರೂಢಿ. ಉಳಿದದ್ದು ಹೊಗಳಿಕೆಯ ಐದು ವಾಕ್ಯ, ಒಬ್ಬರದು ಎಲ್ಲಕ್ಕೂ 4, ಇನ್ನೊಬ್ಬರದು ಎಲ್ಲಕ್ಕೂ 3. ಕಣ್ಣು ಮುಚ್ಚಿ ಒತ್ತಿದವರ ಉತ್ತರಗಳು ಒಂದಕ್ಕೊಂದು ಸೊಗಸಾಗಿ ಹೊಂದಿಕೊಳ್ಳುತ್ತವಾದ್ದರಿಂದ ಆಲ್ಫಾ ಮೇಲೇರುತ್ತದೆ. ಅದನ್ನು ವಿಶ್ವಾಸಾರ್ಹತೆ ಎಂದು ವರದಿಯಲ್ಲಿ ಬರೆಯುತ್ತಾರೆ.

ಇನ್ನು ವಿಶ್ಲೇಷಣೆ. ಹತ್ತು ಚರಗಳನ್ನು ಪರಸ್ಪರ ತಾಳೆ ಹಾಕಿದರೆ 45 ಸಹಸಂಬಂಧಗಳು. ಒಂದಕ್ಕೊಂದು ಏನೇನೂ ಸಂಬಂಧವಿಲ್ಲದಿದ್ದರೂ 0.05ರ ಗೆರೆಯಲ್ಲಿ ಸರಾಸರಿ ಎರಡಕ್ಕಿಂತ ತುಸು ಹೆಚ್ಚು ಕಡೆ ನಕ್ಷತ್ರ, ಅಂದರೆ ‘ಇದು ಆಕಸ್ಮಿಕವಲ್ಲ’ ಎಂದು ತಂತ್ರಾಂಶ ಹಾಕುವ ಗುರುತು, ಮೂಡಿಯೇ ಮೂಡುತ್ತದೆ. ಆ ಎರಡನ್ನು ಹಿಡಿದು ಪೀಠಿಕೆ ಬರೆಯಬೇಕು. ಪೀಠಿಕೆಯಲ್ಲಿ ‘ಸಿದ್ಧಾಂತದ ಪ್ರಕಾರ ನಾವು ನಿರೀಕ್ಷಿಸಿದ್ದೇನೆಂದರೆ’ ಎಂಬ ಮಾತು ಬರುವುದು ಕಡ್ಡಾಯ. ಫಲಿತಾಂಶ ನೋಡಿದ ಮೇಲೆ ಊಹೆ ಕಟ್ಟುವ ಈ ಅಭ್ಯಾಸವನ್ನು ನಾರ್ಬರ್ಟ್ ಕೆರ್ 1998ರಲ್ಲೇ ಬಿಡಿಸಿಟ್ಟಿದ್ದರು. ಸಂಶೋಧನಾ ವಿಧಾನದ ಪಠ್ಯದಲ್ಲಿ ಅದು ‘ಮಾಡಬಾರದ್ದು’ ಎಂಬ ಅಧ್ಯಾಯದಲ್ಲಿದೆ. ಮಾಡುವ ಕ್ರಮ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗುವುದಿಲ್ಲ.

ನಕ್ಷತ್ರ ಮೂಡಲಿಲ್ಲವೇ? ಪಿ ವ್ಯಾಲ್ಯೂ (ಸಂಬಂಧವೇ ಇಲ್ಲದಿದ್ದರೂ ಇಂಥ ಫಲಿತಾಂಶ ಬರುವ ಸಂಭವ) 0.08ರಲ್ಲಿ ನಿಂತಿದ್ದರೆ ಇನ್ನೂ ಹತ್ತು ಜನರನ್ನು ಕರೆದು ತನ್ನಿ. ಮತ್ತೆ ನೋಡಿ. ಮತ್ತೆ ಹತ್ತು. ಮೊದಲ ಹತ್ತು ಜನರಿಂದಲೇ ಹೀಗೆ ಐದು ಸಲ ಇಣುಕಿದರೆ, 5% ಎಂದು ಸಾರಿಕೊಂಡ ತಪ್ಪಿನ ಸಂಭವ ಸದ್ದಿಲ್ಲದೆ 14% ಆಗಿರುತ್ತದೆ. ಅಷ್ಟಕ್ಕೂ ಬರದಿದ್ದರೆ ಇಬ್ಬರು ಔಟ್‌ಲೈಯರ್‌ಗಳನ್ನು ತೆಗೆಯಿರಿ; ಅವರು ವಿಪರೀತದವರೆಂದು ತಿಳಿದದ್ದು ಯಾವಾಗ ಎಂದು ಯಾರೂ ಕೇಳುವುದಿಲ್ಲ. ಆಮೇಲೆ ಸರಾಸರಿಯಲ್ಲಿ ಕತ್ತರಿಸಿ ‘ಹೆಚ್ಚಿನವರು’ ‘ಕಡಿಮೆಯವರು’ ಎಂದು ಎರಡು ಪಂಗಡ ಮಾಡಿ. ನೂರು ಜನರಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚಿನವರನ್ನು ಮನೆಗೆ ಕಳಿಸಿದಷ್ಟೇ ನಷ್ಟವಾದರೂ ಚಿತ್ರ ಚೆನ್ನಾಗಿ ಕಾಣುತ್ತದೆ. ಕೊನೆಯ ಅಸ್ತ್ರ ಕೋವೇರಿಯೇಟ್, ಅಂದರೆ ಲೆಕ್ಕಕ್ಕೆ ಸೇರಿಸಿ ಪ್ರಭಾವ ಕಳೆಯುವ ಇನ್ನೊಂದು ಚರ. ಮೇಲೆ ಹೇಳಿದ ಅದೇ ಮೂವರು 2011ರಲ್ಲಿ ಇಂಥ ಉಪಾಯಗಳನ್ನು ಬೇಕೆಂತಲೇ ಪ್ರಯೋಗಿಸಿ, ತಂದೆಯ ವಯಸ್ಸನ್ನು ಕೋವೇರಿಯೇಟ್ ಆಗಿ ಹಾಕಿ, ಒಂದು ಹಾಡು ಕೇಳಿದವರ ಪ್ರಾಯ ಸುಮಾರು ಒಂದೂವರೆ ವರ್ಷ ಇಳಿಯಿತೆಂದು ಶಾಸ್ತ್ರೋಕ್ತವಾಗಿ ಸಾಧಿಸಿದರು. ಇಂಥ ನಾಲ್ಕು ಸ್ವಾತಂತ್ರ್ಯಗಳನ್ನು ಒಟ್ಟಿಗೆ ಬಳಸಿದರೆ ಸುಳ್ಳು ನಕ್ಷತ್ರ ಮೂಡುವ ಸಂಭವ 61%. ಅಂದರೆ ಇಷ್ಟೆಲ್ಲ ಮಾಡಿಯೂ ಸೋಲುವ ವಿದ್ಯಾರ್ಥಿಗಳು ನೂರಕ್ಕೆ 39 ಜನ ಇರುತ್ತಾರೆ. ಅವರ ಪ್ರಬಂಧಗಳಿಗೆಂದೇ ಗೈಡ್ ಮೇಜಿನಲ್ಲಿ ಕೆಳಗಿನ ಡ್ರಾಯರ್ ಇದೆ.

ಪ್ರಶ್ನಾವಳಿಯವರನ್ನು ಕೀಳಾಗಿ ಕಾಣುವವರು ಯಂತ್ರದವರು. ಮಿದುಳಿನ ವಿದ್ಯುತ್ ಅಲೆ ಅಳೆಯುವ ಇಇಜಿ ಪ್ರಯೋಗಾಲಯದಲ್ಲಿ ತಲೆಗೆ ಟೋಪಿ ಹಾಕಿ, 64 ಎಲೆಕ್ಟ್ರೋಡ್‌ಗಳಿಗೆ ಒಂದೊಂದಾಗಿ ಜೆಲ್ ತುಂಬುತ್ತಾರೆ. ಇಷ್ಟಾದ ಮೇಲೆ ಆ ವ್ಯಕ್ತಿ ಕಣ್ಣು ಮಿಟುಕಿಸುತ್ತಾನೆ; ಆ ಮಿಟುಕಿನ ಅಲೆ, ಹುಡುಕುತ್ತಿರುವ ಮಿದುಳಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದು. ಅದನ್ನೆಲ್ಲ ಸೋಸಿದ ಮೇಲೆ ಯಾವ ಎಲೆಕ್ಟ್ರೋಡ್, ಯಾವ ಮಿಲಿಸೆಕೆಂಡಿನಿಂದ ಯಾವ ಮಿಲಿಸೆಕೆಂಡಿನವರೆಗೆ ಎಂದು ಆರಿಸಬೇಕು. ಅಲೆಗಳ ಚಿತ್ರ ಪರದೆಯ ಮೇಲೇ ಇದೆ, ಎಲ್ಲಿ ಗೆರೆಗಳು ದೂರ ಸರಿದಿವೆಯೋ ಅಲ್ಲೇ ‘ಸಿದ್ಧಾಂತ’ವೂ ಬಂದು ನಿಲ್ಲುತ್ತದೆ. ಮಿದುಳಿನ ಚಟುವಟಿಕೆಯ ಚಿತ್ರ ತೆಗೆಯುವ ಎಫ್‌ಎಂಆರ್‌ಐನವರ ಕತೆ ಇನ್ನೂ ಭವ್ಯ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸ್ಯಾಲ್ಮನ್ ಮೀನೊಂದನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ಮನುಷ್ಯರ ಫೋಟೊ ತೋರಿಸಿ, ಇವರ ಭಾವನೆ ಏನೆಂದು ಕೇಳಿದರು. ಸಾವಿರಾರು ಬಿಂದುಗಳನ್ನು ಪರೀಕ್ಷಿಸುವಾಗ ಮಾಡಬೇಕಾದ ತಿದ್ದುಪಡಿ ಕೈಬಿಟ್ಟರೆ ಮೀನಿನ ಮಿದುಳಿನಲ್ಲಿ ಚಟುವಟಿಕೆ ಕಾಣಿಸುತ್ತದೆ. ಮೀನು ಸತ್ತಿತ್ತು. ಪ್ರಶ್ನೆಯನ್ನು ಓದದೆ ಉತ್ತರಿಸಿದ ಮೊದಲ ಸ್ಪರ್ಧಿ ಅದೇನಲ್ಲ ಬಿಡಿ.

ಇಲಿಗಳಾದರೂ ಪ್ರಾಮಾಣಿಕವೇ? 1963ರಲ್ಲಿ ರೋಸೆಂಥಾಲ್ ಮತ್ತು ಫೋಡ್ ವಿದ್ಯಾರ್ಥಿಗಳಿಗೆ ಇಲಿ ಹಂಚಿ, ಕೆಲವರಿಗೆ ‘ಇವು ಜಾಣ ತಳಿ’, ಕೆಲವರಿಗೆ ‘ಇವು ದಡ್ಡ ತಳಿ’ ಎಂದರು. ಇಲಿಗಳಲ್ಲಿ ಅಂಥ ಭೇದವೇ ಇರಲಿಲ್ಲ. ಆದರೂ ಜಾಣ ಎನಿಸಿಕೊಂಡವು ಹೆಚ್ಚು ಚೆನ್ನಾಗಿ ಕಲಿತವು. ಇಲಿ ಈಜಿ ದಾರಿ ಹುಡುಕುವ ನೀರಿನ ತೊಟ್ಟಿಯಲ್ಲಿ ಇನ್ನೂ ಒಂದು ಉಪಕಥೆಯಿದೆ: ಮುಳುಗಿರುವ ವೇದಿಕೆಯನ್ನು ಇಲಿ ಹುಡುಕುವುದು ಕೋಣೆಯ ಗುರುತುಗಳಿಂದ, ಆ ಗುರುತುಗಳಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತ ವಿದ್ಯಾರ್ಥಿಯೂ ಒಬ್ಬ. ಅವನು ಒಂದು ದಿನ ಎದುರು ಮೂಲೆಗೆ ಹೋಗಿ ನಿಂತರೆ ಇಲಿ ದಾರಿ ತಪ್ಪುತ್ತದೆ, ಪ್ರಬಂಧದಲ್ಲಿ ಅದಕ್ಕೆ ‘ಸ್ಮೃತಿ ದೋಷ’ ಬರುತ್ತದೆ.

ಈ ಶಾಸ್ತ್ರದಲ್ಲಿ ನಂಬಬಹುದಾದವರು ಶಿಶುಗಳು ಮಾತ್ರ. ಬೇಸರವಾದರೆ ಅಳುತ್ತವೆ. ಆದರೆ ಅತ್ತ ಮಗುವನ್ನು ಲೆಕ್ಕದಿಂದ ಹೊರಗಿಡುವ ನಿಯಮವಿದೆ. ಎಷ್ಟು ಅತ್ತರೆ ಅಳು ಎಂದು ತೀರ್ಮಾನಿಸುವವರಿಗೆ ಆ ಮಗು ಯಾವ ಚಿತ್ರವನ್ನು ಎಷ್ಟು ಸೆಕೆಂಡ್ ನೋಡಿತೆಂಬುದೂ ಗೊತ್ತಿರುತ್ತದೆ.

ಸಂದರ್ಶನಗಳನ್ನು ನೆಚ್ಚುವ ಗುಣಾತ್ಮಕ ಸಂಶೋಧಕರು ಈ ಸಂಖ್ಯಾಹುಚ್ಚನ್ನು ತಿರಸ್ಕರಿಸಿ ಒಂದೇ ಒಂದು ಸಂಖ್ಯೆಯನ್ನು ಉಳಿಸಿಕೊಂಡಿದ್ದಾರೆ: 12. ಘಾನಾ ಮತ್ತು ನೈಜೀರಿಯಾದ 60 ಮಹಿಳೆಯರ ಸಂದರ್ಶನಗಳನ್ನು ವಿಶ್ಲೇಷಿಸಿದ 2006ರ ಅಧ್ಯಯನವೊಂದರಲ್ಲಿ, ಹನ್ನೆರಡರ ಹೊತ್ತಿಗೆ ಹೊಸ ವಿಷಯ ಬರುವುದು ಬಹುಮಟ್ಟಿಗೆ ನಿಂತಿತ್ತು. ಅಂದಿನಿಂದ ಜಗತ್ತಿನ ಯಾವ ದುಃಖವೂ ಹದಿಮೂರನೆಯವರ ಬಾಯಿಂದ ಹೊಸದಾಗಿ ಬಂದಿಲ್ಲ. ಒಂದು ಗಂಟೆಯ ಮಾತನ್ನು ಕೇಳಿ ಬರೆದಿಳಿಸಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲವಂತೆ.

ಕ್ಲಿನಿಕಲ್ ವಿಭಾಗದಲ್ಲಿ ನಗು ಸ್ವಲ್ಪ ನಿಲ್ಲುತ್ತದೆ. ಪಿಎಚ್‌ಕ್ಯೂ-9 ಖಿನ್ನತೆಯ ಲಕ್ಷಣ ಅಳೆಯುವ ಒಂಬತ್ತು ಪ್ರಶ್ನೆಯ ಸ್ಕೇಲ್, ಅಂಕ 0ಯಿಂದ 27, ಹತ್ತು ಮುಟ್ಟಿದರೆ ಮುಂದಿನ ತಪಾಸಣೆ ಬೇಕೆಂದಷ್ಟೇ ಅದರ ಅರ್ಥ. ಪ್ರಬಂಧದಲ್ಲಿ ಹತ್ತು ಮುಟ್ಟಿದವರೆಲ್ಲ ‘ಖಿನ್ನತೆಯ ರೋಗಿಗಳು’ ಆಗುತ್ತಾರೆ. ಒಂಬತ್ತನೆಯ ಪ್ರಶ್ನೆ ಸಾವಿನ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಕುರಿತದ್ದು. ಹೆಸರು, ಫೋನ್ ಯಾವುದೂ ಕೇಳದ ಫಾರ್ಮಿನಲ್ಲಿ ಅದನ್ನಿಟ್ಟು, ‘ಹೆಚ್ಚುಕಡಿಮೆ ಪ್ರತಿದಿನ’ ಎಂದು ಒತ್ತಿದವರ ಸಾಲನ್ನು ನಾಲ್ಕು ತಿಂಗಳ ನಂತರ ಸರಾಸರಿ ತೆಗೆಯುವಾಗ ತೆರೆಯುತ್ತಾರೆ. ನೀತಿ ಸಮಿತಿಯ ಒಪ್ಪಿಗೆ ಪತ್ರ ಅನುಬಂಧದಲ್ಲಿ ಲಗತ್ತಾಗಿರುತ್ತದೆ, ಸಹಾಯವಾಣಿಯ ಸಂಖ್ಯೆ ಫಾರ್ಮಿನಲ್ಲಿ ಇರುವುದಿಲ್ಲ.

ಮದ್ದು ಇಲ್ಲವೆಂದಲ್ಲ. ಡೇಟಾ ಸಂಗ್ರಹಿಸುವ ಮೊದಲೇ ಊಹೆ ಮತ್ತು ವಿಶ್ಲೇಷಣೆಯನ್ನು ಬರೆದುಕೊಟ್ಟು, ಫಲಿತಾಂಶ ಏನೇ ಬರಲಿ ಪ್ರಕಟಿಸುತ್ತೇವೆ ಎಂದು ಪತ್ರಿಕೆಯಿಂದ ಮಾತು ಪಡೆಯುವ ಪದ್ಧತಿ ಬಂದಿದೆ. ಆನ್ ಶೀಲ್ ಮತ್ತು ಸಂಗಡಿಗರು 2021ರಲ್ಲಿ ಹೋಲಿಸಿದಾಗ, ಮಾಮೂಲಿ ಪ್ರಬಂಧಗಳಲ್ಲಿ 96% ಗೆದ್ದಿದ್ದವು, ಹೀಗೆ ಮೊದಲೇ ಮಾತು ಕೊಟ್ಟವುಗಳಲ್ಲಿ 44%. ಇದನ್ನು ತೋರಿಸಿದರೆ ಗೈಡ್ ಕೇಳುವುದು ಒಂದೇ: ಅರ್ಧಕ್ಕೂ ಹೆಚ್ಚು ಸೋಲುವ ವಿಧಾನವನ್ನು ಯಾರು ಬಳಸುತ್ತಾರೆ?

ವೈವಾದ ದಿನ ಪರೀಕ್ಷಕರು ಕೇಳುವ ಪ್ರಶ್ನೆಗಳು ಪುಟದ ಅಂಚು, ಉಲ್ಲೇಖದ ಅಲ್ಪವಿರಾಮ ಮತ್ತು ‘ಇದರಿಂದ ಸಮಾಜಕ್ಕೇನು ಉಪಯೋಗ’. ನಾಲ್ಕನೆಯ ಟೇಬಲ್ಲಿನಲ್ಲಿ 20 ಜನರ, ಪೂರ್ಣಾಂಕ ಉತ್ತರಗಳ ಸರಾಸರಿ 3.47 ಎಂದಿದೆ. ಒಂದೇ ಪ್ರಶ್ನೆಗೆ 20 ಜನ ಪೂರ್ಣಾಂಕದಲ್ಲಿ ಉತ್ತರಿಸಿದರೆ ಸರಾಸರಿ 3.45 ಬರಬಹುದು, 3.50 ಬರಬಹುದು, 3.47 ಏನು ಮಾಡಿದರೂ ಬರುವುದಿಲ್ಲ. ಭಾಗಾಕಾರ ಗೊತ್ತಿದ್ದರೆ ಸಾಕು. ಯಾರೂ ಭಾಗಿಸಿ ನೋಡುವುದಿಲ್ಲ. ‘ಕೇಳಿದವರಿಗೆ ಡೇಟಾ ಒದಗಿಸಲಾಗುವುದು’ ಎಂದು ಕೊನೆಯ ಪುಟದಲ್ಲಿದೆ. ಯೆಲ್ಟೆ ವಿಖರ್ಟ್ಸ್ ಮತ್ತು ಸಂಗಡಿಗರ 2006ರ ವರದಿಯ ಪ್ರಕಾರ, ಅವರು ಹೀಗೆ ಕೇಳಿಯೇ ಬಿಟ್ಟಾಗ 73% ಲೇಖಕರು ಕೊಡಲಿಲ್ಲ.

ಪದವಿ ಬಂದ ಮರುವಾರ ಗೈಡ್ ಕೋಣೆಗೆ ಹೊಸಬಳೊಬ್ಬಳು ಬರುತ್ತಾಳೆ. ಅವಳಿಗೆ ಅದೇ ಐದು ಸ್ಕೇಲ್, ಅದೇ ವಾಟ್ಸ್ಯಾಪ್ ಗುಂಪು, ಶೀರ್ಷಿಕೆಗೆ ಮಾತ್ರ ‘ಲಿಂಗದ ಮಾರ್ಪಡಿಸುವ ಪಾತ್ರ’ ಸೇರಿದೆ. ಒಂದು ಗುಂಪಿನಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲವಾಗುವ ಪರಿಣಾಮವನ್ನು ತೋರಿಸಲು ಮೊದಲಿನ ಸ್ಯಾಂಪಲ್ಲಿನ ನಾಲ್ಕು ಪಟ್ಟು ಬೇಕಾಗುತ್ತದೆ. “ಎಷ್ಟು ಜನ ತಗೊಳ್ಳಲಿ ಸರ್?” ಎಂದು ಅವಳು ಕೇಳುತ್ತಾಳೆ.

“ಮೂವತ್ತು ಸಾಕಮ್ಮ. ಹದಿನೈದು ಹುಡುಗರು, ಹದಿನೈದು ಹುಡುಗಿಯರು.”