ತಂಪು ಮಾಡಿಕೊಳ್ಳೋಣ, ಕಿಟಕಿ ತೆರೆದಿಟ್ಟೇ

"ಮನೆಯಲ್ಲಿ ಒಬ್ಬರಿಗೆ ಪಾಸಿಟಿವ್ ಬಂದಿದೆ, ಎಸಿ ಹಾಕಬಹುದಾ?" ಕೊರೊನಾದ ಎರಡನೇ ಅಲೆ ಬಂದಿದ್ದ 2021ರ ಮೇ ತಿಂಗಳು ಪೂರ್ತಿ ಎಲ್ಲ ಕಡೆ ಇದೇ ಪ್ರಶ್ನೆ ಇತ್ತು. ಮುಟ್ಟಲೇಬೇಡಿ ಅನ್ನುವವರು ಕೆಲವರು, ಏನೂ ಆಗಲ್ಲ ಅನ್ನುವವರು ಕೆಲವರು. ಎರಡೂ ಉತ್ತರ ನನಗೆ ಸರಿ ಅನ್ನಿಸುವುದಿಲ್ಲ. ಮೊದಲು ಕೇಳಬೇಕಾದದ್ದು, ಆ ಕೋಣೆಯ ಗಾಳಿ ಹೊರಗೆ ಹೋಗುತ್ತಾ ಇಲ್ವಾ ಅಂತ.

ಸ್ಪ್ಲಿಟ್ ಎಸಿ ಹೊರಗಿನಿಂದ ತಾಜಾ ಗಾಳಿ ತರುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ತರುವುದಿಲ್ಲ. ಗೋಡೆ ಮೇಲಿನ ಪೆಟ್ಟಿಗೆ ಕೋಣೆಯ ಗಾಳಿಯನ್ನೇ ಎಳೆದು, ತಂಪು ಮಾಡಿ, ವಾಪಸ್ ಅಲ್ಲೇ ಬಿಡುತ್ತದೆ. ಹೊರಗಿನ ಯೂನಿಟ್ ಹೊರಹಾಕುವುದು ಬಿಸಿಯನ್ನು ಮಾತ್ರ. ಎರಡರ ನಡುವಿನ ಪೈಪಿನಲ್ಲಿ ಓಡಾಡುವುದು ಗ್ಯಾಸ್, ಗಾಳಿ ಅಲ್ಲ. ಒಳಗಿನ ಜಾಲರಿ ಧೂಳು ಹಿಡಿಯುತ್ತದೆ, ಉಸಿರಿನ ಸಣ್ಣ ಕಣಗಳನ್ನಲ್ಲ. ಅಂದರೆ ಬಾಗಿಲು ಕಿಟಕಿ ಮುಚ್ಚಿ ಎಸಿ ಹಾಕಿದ ಕೋಣೆಯಲ್ಲಿ ರೋಗಿ ಬಿಟ್ಟ ಉಸಿರು ಅಲ್ಲೇ ತುಂಬುತ್ತಾ ಹೋಗುತ್ತದೆ.

ಒಣಮೆಣಸಿನಕಾಯಿ ಒಗ್ಗರಣೆ ಹಾಕಿದಾಗ ಘಾಟು ಹೇಗೆ ಮನೆಯೆಲ್ಲ ಹರಡುತ್ತದೆ ನೋಡಿ. ಆಗ ಫ್ಯಾನ್ ಹಾಕಿದರೆ ಕೆಮ್ಮು ಎಲ್ಲರಿಗೂ ಬರುತ್ತದೆ, ಕಿಟಕಿ ತೆರೆದರೆ ಘಾಟು ಹೋಗುತ್ತದೆ. ಈ ವೈರಸ್ಸಿನ ನಡೆಯೂ ಹೆಚ್ಚುಕಡಿಮೆ ಹಾಗೇ.

ಇದಕ್ಕೆ ಚೀನಾದ ಗುವಾಂಗ್‌ಝೌ ನಗರದ ಒಂದು ಹೋಟೆಲಿನ ಉದಾಹರಣೆ ಇದೆ. 2020ರ ಜನವರಿ 24ರಂದು ಅಕ್ಕಪಕ್ಕದ ಮೂರು ಟೇಬಲ್‌ಗಳಲ್ಲಿ ಮೂರು ಕುಟುಂಬಗಳು ಊಟಕ್ಕೆ ಕೂತಿದ್ದವು. ಆಮೇಲೆ ಆ ಮೂರು ಕುಟುಂಬಗಳಲ್ಲಿ ಒಟ್ಟು 10 ಜನರಿಗೆ ಸೋಂಕು ಬಂತು. ಮೊದಲು ಎಲ್ಲರೂ ಬೆರಳು ತೋರಿಸಿದ್ದು ಎಸಿಯ ಕಡೆಗೆ. ಆದರೆ ನಂತರ ಸಂಶೋಧಕರು ಅಲ್ಲಿಗೇ ಹೋಗಿ ಗಾಳಿ ಅಳೆದಾಗ ಇನ್ನೊಂದು ವಿಷಯ ಗೊತ್ತಾಯಿತು. ಆ ಹಾಲ್‌ಗೆ ಕಿಟಕಿ ಇರಲಿಲ್ಲ, ಎಕ್ಸಾಸ್ಟ್ ಫ್ಯಾನ್‌ಗಳು ಬಂದ್ ಆಗಿದ್ದವು. ಒಬ್ಬೊಬ್ಬರಿಗೆ ಸಿಗುತ್ತಿದ್ದ ಹೊಸ ಗಾಳಿ ಸೆಕೆಂಡಿಗೆ ಸುಮಾರು 1 ಲೀಟರ್. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಕನಿಷ್ಠ 10 ಲೀಟರ್. ಎಸಿ ಆ ಗಾಳಿಯನ್ನು ಸುತ್ತಿಸಿತು, ನಿಜ. ಆದರೆ ಕೆಟ್ಟ ಗಾಳಿ ಅಲ್ಲೇ ಉಳಿದದ್ದು ಹೊರಗೆ ದಾರಿ ಇಲ್ಲದ್ದಕ್ಕೆ.

ನಮ್ಮ ದೇಶದ ಎಸಿ ಎಂಜಿನಿಯರುಗಳ ಸಂಘ ಇಶ್ರೇ 2020ರ ಏಪ್ರಿಲ್‌ನಲ್ಲೇ ಇದನ್ನು ಬರೆದು ಕೊಟ್ಟಿತ್ತು. ಎಸಿ 24ರಿಂದ 30 ಡಿಗ್ರಿ ನಡುವೆ ಇರಲಿ, ತೇವಾಂಶ 40ರಿಂದ 70 ಪರ್ಸೆಂಟ್ ಇರಲಿ, ಎಸಿ ಓಡುವಾಗಲೂ ಕಿಟಕಿ ಸ್ವಲ್ಪ ತೆರೆದಿರಲಿ. ಎಷ್ಟು ಜನರಿಗೆ ತಲುಪಿತು ಹೇಳಿ? ಒಂದು ವರ್ಷ ನಾವು ತರಕಾರಿ ತೊಳೆದೆವು, ಹಾಲಿನ ಪ್ಯಾಕೆಟ್ ಒರೆಸಿದೆವು, ರಸ್ತೆಗೆ ಔಷಧಿ ಸಿಂಪಡಿಸಿದೆವು. ಕಿಟಕಿ ತೆರೆಯಿರಿ ಅನ್ನುವ ಮಾತು ಜೋರಾಗಿ ಕೇಳಿದ್ದು ಆಮೇಲೆ. ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಸೂಕ್ಷ್ಮ ಕಣಗಳು 10 ಮೀಟರ್‌ವರೆಗೂ ಹೋಗಬಹುದು, ಮನೆಗೆ ಗಾಳಿ ಆಡಲಿ ಎಂದು ಸ್ಪಷ್ಟವಾಗಿ ಹೇಳಿದ್ದು 2021ರ ಮೇ 20ಕ್ಕೆ. ಅಷ್ಟೊತ್ತಿಗೆ ಎರಡನೇ ಅಲೆ ಎಷ್ಟೋ ಮನೆಗಳ ಒಳಗೆ ಹೊಕ್ಕಿತ್ತು. ಈ ತಡ ನನಗೆ ಬಹಳ ನೋವು ಕೊಟ್ಟಿದೆ.

ಈಗ ಯಾವುದು ಒಳ್ಳೆಯದು ಅನ್ನುವ ಮಾತಿಗೆ ಬರೋಣ. ಎಲ್ಲ ಊರಿಗೂ ಒಂದೇ ಉತ್ತರ ಇಲ್ಲ.

ಕಲಬುರಗಿ, ರಾಯಚೂರು, ಬಳ್ಳಾರಿ, ವಿಜಯಪುರದ ಒಣ ಬಿಸಿಲಿಗೆ ನನ್ನ ಮತ ಏರ್ ಕೂಲರ್‌ಗೆ. ಎಸಿಗಿಂತ ಅಗ್ಗ, ಕರೆಂಟ್ ಕಡಿಮೆ ತಿನ್ನುತ್ತದೆ. ಎಲ್ಲಕ್ಕಿಂತ ಮುಖ್ಯ, ಅದು ಸರಿಯಾಗಿ ಕೆಲಸ ಮಾಡಬೇಕಾದರೆ ಹೊರಗಿನ ಗಾಳಿ ಬೇಕೇ ಬೇಕು. ಕೂಲರ್ ಕಿಟಕಿಯ ಹೊರಗೋ ಕಿಟಕಿಗೆ ಬೆನ್ನು ಕೊಟ್ಟೋ ಇರಬೇಕು, ಎದುರಿನ ಕಿಟಕಿ ಅಥವಾ ಬಾಗಿಲು ತೆರೆದಿರಬೇಕು. ಆಗ ಹೊಸ ಗಾಳಿ ಒಳಗೆ ನುಗ್ಗಿ ಹಳೆಯದನ್ನು ತಳ್ಳಿಕೊಂಡು ಹೋಗುತ್ತದೆ. ಕೋಣೆ ನಡುವೆ ಇಟ್ಟು ಬಾಗಿಲು ಹಾಕಿಕೊಂಡರೆ ಸ್ವಲ್ಪ ಹೊತ್ತಿಗೇ ಮೈ ಅಂಟಂಟು, ತಂಪೂ ಇಲ್ಲ, ಹಳೆ ಗಾಳಿಯೇ ಸುತ್ತುತ್ತದೆ. ನೀರು ಆಗಾಗ ಖಾಲಿ ಮಾಡಿ, ತೊಟ್ಟಿ ಉಜ್ಜಿ ಒಣಗಿಸಿ. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಹುಟ್ಟುತ್ತದೆ. ಒಂದೇ ಮನೆಗೆ ಎರಡೆರಡು ಜ್ವರ ಯಾರಿಗೂ ಬೇಡ.

ಮಂಗಳೂರು, ಉಡುಪಿ, ಕಾರವಾರದಲ್ಲಿ ಕೂಲರ್ ದಂಡ. ಗಾಳಿಯಲ್ಲೇ ಅಷ್ಟು ನೀರಿರುವಾಗ ಅದು ತಂಪು ಮಾಡಲಾರದು. ಅಲ್ಲಿ ಎದುರುಬದುರು ಕಿಟಕಿ, ಫ್ಯಾನ್. ತೀರಾ ಆಗದಿದ್ದರೆ ಎಸಿ ಹಾಕಿ, 26ರ ಆಸುಪಾಸು ಇಡಿ, ಕಿಟಕಿ ನಾಲ್ಕು ಬೆರಳು ತೆರೆಯಿರಿ, ಬಚ್ಚಲಿನ ಎಕ್ಸಾಸ್ಟ್ ಓಡಲಿ. ಬಿಲ್ ಜಾಸ್ತಿ ಬರುತ್ತದೆ, ಬರಲಿ. ಬೆಂಗಳೂರಿಗಂತೂ ಹೆಚ್ಚಿನ ದಿನ ಫ್ಯಾನ್, ಕಿಟಕಿ, ಸೊಳ್ಳೆ ಪರದೆ ಸಾಕು.

ರೋಗಿ ಇರುವ ಕೋಣೆಗೆ ನಾನು ಮೊದಲು ಹೇಳುವುದು ಎಕ್ಸಾಸ್ಟ್ ಫ್ಯಾನ್. ಅದಿಲ್ಲದಿದ್ದರೆ ಟೇಬಲ್ ಫ್ಯಾನನ್ನು ಕಿಟಕಿ ಹತ್ತಿರ ಹೊರಮುಖ ಮಾಡಿ ಇಡಿ. ಮನೆಯವರ ಕಡೆಯಿಂದ ರೋಗಿಯ ಕೋಣೆಗೆ, ಅಲ್ಲಿಂದ ಹೊರಗೆ, ಹೀಗೆ ಗಾಳಿ ಹರಿಯಬೇಕು. ಬಾಗಿಲ ಸಂದಿಯಲ್ಲಿ ಊದುಬತ್ತಿ ಹಿಡಿದರೆ ಹೊಗೆ ಎತ್ತ ಹೋಗುತ್ತದೆ ಎಂದು ಕಾಣುತ್ತದೆ. ಆ ಕಿಟಕಿ ಪಕ್ಕದ ಮನೆಯವರ ಕಿಟಕಿಗೆ ಎದುರು ಇಲ್ಲ ತಾನೆ, ಅದನ್ನೂ ನೋಡಿ.

ಹೆದರಿ ಎಸಿಯನ್ನೇ ಬಂದ್ ಮಾಡಿ ವಯಸ್ಸಾದವರನ್ನು ಬೇಯಿಸಬೇಡಿ ದಯವಿಟ್ಟು. ಸೆಕೆಯೂ ಜೀವ ತೆಗೆಯುತ್ತದೆ. ಹೊರಗೆ 42 ಡಿಗ್ರಿ ಇರುವಾಗ ಬರೀ ಫ್ಯಾನ್ ಬಿಸಿಗಾಳಿಯನ್ನೇ ಮೈಮೇಲೆ ಸುರಿಯುತ್ತದೆ. ರೋಗಿ ಇಲ್ಲದ ಮನೆಯಲ್ಲಿ ಮಧ್ಯಾಹ್ನ ಕಿಟಕಿ ಮುಚ್ಚಿ, ಸಂಜೆಯಿಂದ ಬೆಳಗಿನವರೆಗೆ ತೆರೆದರೆ ತಪ್ಪೇನಿಲ್ಲ. ರೋಗಿ ಇದ್ದರೆ ಮಧ್ಯಾಹ್ನವೂ ಸ್ವಲ್ಪ ತೆರೆದೇ ಇರಲಿ, ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಾ ಇರಿ.

ಪೆರು ದೇಶದ ಲಿಮಾದಲ್ಲಿ ಕ್ಷಯರೋಗದ ಬಗ್ಗೆ ನಡೆದ ಅಧ್ಯಯನ ಒಂದು 2007ರಲ್ಲಿ ಪ್ರಕಟವಾಯಿತು. ಎತ್ತರದ ಚಾವಣಿ, ದೊಡ್ಡ ಕಿಟಕಿಗಳ ಹಳೆ ಆಸ್ಪತ್ರೆಗಳಲ್ಲಿ ಕಿಟಕಿ ಬಾಗಿಲು ತೆರೆದಾಗ, ಯಂತ್ರದಿಂದ ಗಾಳಿ ಬಿಡುವ ಹೊಸ ವಾರ್ಡುಗಳಿಗಿಂತ ಚೆನ್ನಾಗಿ ಗಾಳಿ ಬದಲಾಗುತ್ತಿತ್ತು. ನಮ್ಮ ಮಾಳಿಗೆ ಮನೆಗಳ ಬೆಳಕಿಂಡಿ ಮಾಡುತ್ತಿದ್ದದ್ದೂ ಇದೇ ಕೆಲಸ, ಬಿಸಿಗಾಳಿ ಮೇಲೆ ಏರಿ ಹೋಗಲು ದಾರಿ. ಆರ್‌ಸಿಸಿ ಹಾಕಿಸುವಾಗ ನಾವೇ ಅದನ್ನು ಮುಚ್ಚಿಸಿದೆವು.

ಆದರೆ ತಗಡಿನ ಚಾವಣಿ, ಒಂದೇ ಕೋಣೆ, ಕಿಟಕಿಯೇ ಇಲ್ಲದ ಮನೆ ಎಷ್ಟಿಲ್ಲ? ಅವರಿಗೆ "ಪ್ರತ್ಯೇಕ ಕೋಣೆ, ಅಟ್ಯಾಚ್ಡ್ ಬಾತ್‌ರೂಮ್" ಎಂದು ಹೇಳುವುದರಲ್ಲಿ ಅರ್ಥವೇ ಇಲ್ಲ. ಅಂಥವರಿಗೆ ಅಂಗಳದಲ್ಲಿ, ಬೇವಿನ ನೆರಳಿನಲ್ಲಿ ಹಾಕಿದ ಮಂಚವೇ ಒಳ್ಳೆಯ ವಾರ್ಡು. ಅಂಗಳವೂ ಇಲ್ಲದವರಿಗೆ ದೊಡ್ಡ ಕಿಟಕಿಗಳ ಸರ್ಕಾರಿ ಶಾಲೆಗಳನ್ನು ಓಣಿ ಓಣಿಯಲ್ಲಿ ಸೋಂಕಿತರನ್ನು ನೋಡಿಕೊಳ್ಳುವ ಕೇರ್ ಸೆಂಟರ್ ಮಾಡಬೇಕಿತ್ತು. ಆಗ ಶಾಲೆಗಳು ಹೇಗೂ ಖಾಲಿ ಇದ್ದವು.

ಮಳೆಗಾಲದ ಮಾತೂ ಇದೆ. ಎರಚಲಿಗೆ ಎಲ್ಲರೂ ಕಿಟಕಿ ಮುಚ್ಚುತ್ತಾರೆ, ವೈರಸ್ ಮಾತ್ರ ಇದ್ದೇ ಇರುತ್ತದೆ. ಅದಕ್ಕೆ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಬಾಡಿಗೆ ಮನೆಯಾದರೆ ಓನರ್ ಹತ್ತಿರ ಈಗಲೇ ಮಾತಾಡಿ.