ಸತ್ಯಾಂಶ: ಪ್ಲೂಟೋ ನೆಪ್ಚೂನ್‌ಗೆ ಡಿಕ್ಕಿ ಹೊಡೆಯುತ್ತಾ?

ತೀರ್ಥಹಳ್ಳಿಯ ನಮ್ಮ ಅಡಿಕೆ ಬೆಳೆಗಾರರ ಗ್ರೂಪಿಗೆ ಮೊನ್ನೆ ಒಂದು ಫಾರ್ವರ್ಡ್ ಬಂತು: ‘ಪ್ಲೂಟೋ ನೆಪ್ಚೂನ್ ದಾರಿಯೊಳಗೆ ನುಗ್ಗುತ್ತದೆ, ಒಂದು ದಿನ ಡಿಕ್ಕಿ ಖಂಡಿತ.’

ಇದು ಸುಳ್ಳು. 1979ರಿಂದ 1999ರವರೆಗೆ ಪ್ಲೂಟೋ ಸೂರ್ಯನಿಗೆ ನೆಪ್ಚೂನ್‌ಗಿಂತ ಹತ್ತಿರ ಇದ್ದದ್ದೇನೋ ನಿಜ. ಆದರೆ ಪ್ಲೂಟೋ ದಾರಿ ಭೂಮಿಯ ದಾರಿಗೆ ಹೋಲಿಸಿದರೆ 17 ಡಿಗ್ರಿ ವಾಲಿದೆ. ಆಗುಂಬೆ ಘಾಟಿಯಲ್ಲಿ ಮೇಲಿನ ತಿರುವಿನ ಬಸ್ಸು ಕೆಳಗಿನ ತಿರುವಿನ ಬಸ್ಸಿಗೆ ತಾಗೋದಿಲ್ಲ, ಅಲ್ವಾ? ಜೊತೆಗೆ, ನೆಪ್ಚೂನ್ ಮೂರು ಸುತ್ತು ಹಾಕುವಷ್ಟರಲ್ಲಿ ಪ್ಲೂಟೋ ಎರಡು ಸುತ್ತು ಮುಗಿಸುತ್ತದೆ. ಹಾಗಾಗಿ ಪ್ಲೂಟೋ ಒಳಗೆ ಬಂದಾಗಲೆಲ್ಲ ನೆಪ್ಚೂನ್ ದೂರದಲ್ಲೇ ಇರುತ್ತದೆ.

ಈ ಮೂರಕ್ಕೆ ಎರಡು ಸುತ್ತಿನ ತಾಳ ಸುಮ್ನೆ ಕೂಡಿಬಂದದ್ದಲ್ಲ. ನೆಪ್ಚೂನ್ ಹುಟ್ಟಿದ್ದು ಈಗಿನದಕ್ಕಿಂತ ಒಳಗೆ. ಹಿಮದ ತುಂಡುಗಳನ್ನು ಎಳೆದು ಎಸೆಯುತ್ತಾ ನಿಧಾನವಾಗಿ ಹೊರಗೆ ಸರಿಯಿತು, ಹೋಗುತ್ತಾ ಪ್ಲೂಟೋವನ್ನು ತಾಳಕ್ಕೆ ಸಿಕ್ಕಿಸಿಕೊಂಡಿತು. 1993ರಲ್ಲಿ ಇದನ್ನು ಚೆಂದವಾಗಿ ಬಿಡಿಸಿ ಹೇಳಿದವರು ಗ್ರಹ ವಿಜ್ಞಾನಿ ರೇಣು ಮಲ್ಹೋತ್ರ. ಅದೇ ತಾಳದಲ್ಲಿ ಸುತ್ತುವ ಇನ್ನೂ ಎಷ್ಟೋ ಹಿಮದ ಕಾಯಗಳು ಆಮೇಲೆ ಕಣ್ಣಿಗೆ ಬಿದ್ದವು.